20 ರೂಪಾಯಿ ನಾಣ್ಯದ ಹೊಸ ರೋಲ್: ಮಾಲು ಪರವಾಗಿಲ್ಲ, ಲಾಭದ ಮಾತು ನಂಬಬೇಡಿ

ಆನ್‌ಲೈನ್‌ನಲ್ಲಿ ನಾಣ್ಯ ಮಾರುವ ಒಂದು ಅಂಗಡಿಯಿಂದ 20 ರೂಪಾಯಿ ನಾಣ್ಯದ ರೋಲ್, ಅಂದರೆ ಒಂದರ ಮೇಲೊಂದು ಜೋಡಿಸಿ ಸುತ್ತಿದ ಕಟ್ಟು, ತರಿಸಿದ್ದೆ. ಆಜಾದಿ ಕಾ ಅಮೃತ ಮಹೋತ್ಸವದ ಲಾಂಛನ ಇರುವಂಥದ್ದು. ಒಟ್ಟು 50 ನಾಣ್ಯ, ಅಂದರೆ ಒಳಗಿರುವ ದುಡ್ಡು 1000 ರೂಪಾಯಿ. ನಾನು ಕೊಟ್ಟದ್ದು ಕೊರಿಯರ್ ಸೇರಿ 1450. ಅಂಗಡಿಯ ಹೆಸರು ಹಾಕುವುದಿಲ್ಲ. ಇದೇ ಮಾಲನ್ನು ಇದೇ ಬಣ್ಣದ ಮಾತಿನಲ್ಲಿ ಮಾರುವವರು ಬೇಕಾದಷ್ಟು ಜನ ಇದ್ದಾರೆ, ಒಬ್ಬರನ್ನೇ ಬೈದು ಎಂತ ಪ್ರಯೋಜನ?

ನನಗೆ ಬೇಕಾಗಿದ್ದದ್ದು ವಿಷು ಹಬ್ಬಕ್ಕೆ. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಎದ್ದು ಮೊದಲು ನೋಡುವ ಕಣಿಗೆ ಇಡಲಿಕ್ಕೂ ಮಕ್ಕಳಿಗೆ ಕೈನೀಟಂ, ಅಂದರೆ ಹಬ್ಬದ ದುಡ್ಡು, ಕೊಡಲಿಕ್ಕೂ ಫಳಫಳ ಹೊಳೆಯುವ ಹೊಸ ನಾಣ್ಯವೇ ಆಗಬೇಕು. ಏಪ್ರಿಲ್ ಬಂತೆಂದರೆ ಎಲ್ಲರೂ ಬ್ಯಾಂಕಿಗೆ ಹೋಗಿ ಅದನ್ನೇ ಕೇಳುತ್ತಾರೆ, ಕೌಂಟರಿನವರು ಇದ್ದರೆ ಕೊಡುತ್ತಾರೆ, ಇಲ್ಲದಿದ್ದರೆ ತಲೆ ಅಲ್ಲಾಡಿಸುತ್ತಾರೆ. ಆ ಓಡಾಟ ಬೇಡ ಅಂತ ಜಾಸ್ತಿ ಕೊಟ್ಟರೂ ಅಡ್ಡಿಯಿಲ್ಲ ಎಂದು ತರಿಸಿದೆ. ಅಷ್ಟಕ್ಕೆ ಮಾತ್ರ ಆದರೆ ನನ್ನದೇನೂ ತಕರಾರಿಲ್ಲ.

ಮೊದಲು ಮಾಲಿನ ವಿಷಯ. ಪ್ಯಾಕಿಂಗ್ ಚೆನ್ನಾಗಿತ್ತು, ಬಬಲ್ ಶೀಟ್ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ಬಂತು. ಸರ್ಕಾರದ ಪ್ರಕಟಣೆಯ ಪ್ರಕಾರ 20 ರೂಪಾಯಿ ನಾಣ್ಯ ಒಂದಕ್ಕೆ 8.54 ಗ್ರಾಂ ತೂಕ ಇರಬೇಕು, 50ಕ್ಕೆ 427 ಗ್ರಾಂ. ಪಕ್ಕದ ಜಿನಸಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆ, ಪ್ಲಾಸ್ಟಿಕ್ ಸೇರಿ ಅದಕ್ಕಿಂತ ಸ್ವಲ್ಪವೇ ಹೆಚ್ಚು ತೋರಿಸಿತು. ಹಾಗಾಗಿ ಲೆಕ್ಕ ಸರಿ. ಆದರೆ 'ಮಿಂಟ್ ಸೀಲ್ಡ್', ಅಂದರೆ ನಾಣ್ಯ ಅಚ್ಚು ಹಾಕುವ ಟಂಕಸಾಲೆಯಲ್ಲೇ ಸೀಲ್ ಮಾಡಿದ್ದು, ಅಂತ ಬರೆದದ್ದು ನನಗೆ ಸರಿ ಬರಲಿಲ್ಲ. ರೋಲ್ ಮೇಲೆ ಟಂಕಸಾಲೆಯ ಚೀಟಿಯೂ ಇಲ್ಲ, ಮುದ್ರೆಯೂ ಇಲ್ಲ. ಬಿಸಿ ತಾಗಿಸಿದರೆ ಬಿಗಿಯುವ ಮಾಮೂಲಿ ಪ್ಲಾಸ್ಟಿಕ್, ಅಷ್ಟೇ. ಮನೆಯಲ್ಲಿ ಕೂತು ನಾನೂ ಸುತ್ತಬಹುದು ಅಂಥದ್ದು.

ಬಿಚ್ಚಿದಾಗ ಎರಡು ತುದಿಯ ನಾಣ್ಯಗಳು ಕನ್ನಡಿ ಹಾಗೆ ಇದ್ದವು. ನಡುವಿನವು ಹಾಗಿರಲಿಲ್ಲ. ಒಂದಕ್ಕೊಂದು ತಾಗಿ ಆದ ಗೀರು, ಹಳದಿ ಭಾಗದಲ್ಲಿ ಬೆರಳಿನ ಗುರುತು, ಒಂದೆರಡರಲ್ಲಿ ಕಂದು ಚುಕ್ಕೆ. ಇದು ಮಾರಿದವರ ತಪ್ಪು ಅಂತಲ್ಲ. ಹೊರಗಿನ ಬಳೆ ನಿಕಲ್ ಸಿಲ್ವರ್, ಒಳಗಿನದು ನಿಕಲ್ ಹಿತ್ತಾಳೆ, ಎರಡರಲ್ಲೂ ತಾಮ್ರವೇ ಜಾಸ್ತಿ. ಹೆಸರಲ್ಲಿ ಸಿಲ್ವರ್ ಇದ್ದರೂ ಬೆಳ್ಳಿ ಚೂರೂ ಇಲ್ಲ. ನಮ್ಮ ಕಡಲ ಕರೆಯ ಉಪ್ಪುಗಾಳಿಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ತಾಮ್ರ ಕಪ್ಪಾಗದೆ ಇರುತ್ತದಾ? ಇದನ್ನು ಹತ್ತು ವರ್ಷ ಕಪಾಟಿನಲ್ಲಿ ಹೊಸದಾಗಿಯೇ ಇಡುವುದು ಕುಂಬಳೆ, ಮಂಜೇಶ್ವರದಂಥ ಊರಿನಲ್ಲಿ ಸುಲಭದ ಕೆಲಸ ಅಲ್ಲ.

ಈಗ ನಿಜವಾದ ತಕರಾರು. ಮಾರುವ ಪುಟದಲ್ಲಿ ದಪ್ಪ ಅಕ್ಷರದಲ್ಲಿ 'ಇನ್ವೆಸ್ಟ್‌ಮೆಂಟ್ ರೋಲ್, ಐದು ವರ್ಷದಲ್ಲಿ ಡಬಲ್' ಅಂತ ಇತ್ತು. ಯಾವುದರ ಡಬಲ್? ನಾನು ಕೊಟ್ಟ 1450ರದ್ದೋ, ಒಳಗಿನ 1000ದ್ದೋ? ಕೇಳಿದರೆ ಉತ್ತರ ಇಲ್ಲ. ಮಂಗಳೂರಿನ ಒಬ್ಬ ನಾಣ್ಯ ವ್ಯಾಪಾರಿಗೆ ಬಿಚ್ಚುವ ಮೊದಲೇ ಫೋಟೊ ಕಳಿಸಿ, ಇದನ್ನು ತೆಗೆದುಕೊಳ್ಳುತ್ತೀರಾ ಅಂತ ವಿಚಾರಿಸಿದೆ. "ಸಾವಿರಕ್ಕೆ ಬೇಕಾದರೆ ಕೊಡಿ ಮಾರಾಯ್ರೆ, ನನಗೂ ಅಂಗಡಿಗೆ ಚಿಲ್ಲರೆ ಬೇಕು" ಅಂದರು! ಅಂದರೆ ಕೈಗೆ ಬಂದ ಕ್ಷಣಕ್ಕೇ 450 ರೂಪಾಯಿ ಹೋಯಿತು ಅಂತಲೇ ಲೆಕ್ಕ.

1450 ರೂಪಾಯಿಯನ್ನು ಶೇಕಡಾ 7ರಂತೆ ಹತ್ತು ವರ್ಷ ಡಿಪಾಸಿಟ್ ಇಟ್ಟರೆ ಸುಮಾರು 2850 ಆಗುತ್ತದೆ. ಈ ರೋಲ್ ಅದಕ್ಕೆ ಸಮ ಆಗಬೇಕಾದರೆ ಒಂದೊಂದು ನಾಣ್ಯ 57 ರೂಪಾಯಿಗೆ ಹೋಗಬೇಕು, ಅದೂ ಐವತ್ತಕ್ಕೆ ಐವತ್ತೂ. 20 ರೂಪಾಯಿಯ ನಾಣ್ಯ ಚಲಾವಣೆಯಲ್ಲೇ ಸಿಗುವಾಗ 57 ಕೊಡುವವರು ಯಾರು? ಈ ಅಮೃತ ಮಹೋತ್ಸವದ ಸರಣಿಯನ್ನು ಪ್ರಧಾನಿ ಮೋದಿ 2022ರ ಜೂನ್ 6ರಂದು ಬಿಡುಗಡೆ ಮಾಡಿದರು. 1, 2, 5, 10, 20 ರೂಪಾಯಿಯವು. ಮೊದಲಿನಿಂದಲೂ ಇವು ಜನರ ಕೈಯಲ್ಲಿ ಓಡಾಡಲಿಕ್ಕೆಂದೇ ಮಾಡಿದ ನಾಣ್ಯಗಳು. 2023ರಲ್ಲಿ ಹೊಸ ಸಂಸತ್ ಭವನಕ್ಕೆ ಹೊರಡಿಸಿದ 75 ರೂಪಾಯಿಯ ನಾಣ್ಯದ ಕಥೆ ಬೇರೆ. ಅದರ 35 ಗ್ರಾಂನಲ್ಲಿ ಅರ್ಧ ಬೆಳ್ಳಿ, ಏನೂ ಇಲ್ಲದಿದ್ದರೂ ಬೆಳ್ಳಿಯ ಬೆಲೆ ಇದೆ. ಈ ರೋಲಿಗೆ ಆ ಆಧಾರವೂ ಇಲ್ಲ, ಕರಗಿಸಿ ಲೋಹ ಮಾರೋಣ ಅಂದರೆ 2011ರ ನಾಣ್ಯ ಕಾಯ್ದೆ ಬಿಡುವುದಿಲ್ಲ.

ರೋಲ್ ಹುಚ್ಚು ಹೊಸದೂ ಅಲ್ಲ. ಅಮೆರಿಕದಲ್ಲಿ 1950ರಲ್ಲಿ ಡೆನ್ವರ್ ಟಂಕಸಾಲೆ 5 ಸೆಂಟಿನ ನಾಣ್ಯ ಸುಮಾರು 26 ಲಕ್ಷ ಮಾತ್ರ ಹಾಕಿತು. ಕಡಿಮೆ ಇದೆ ಅಂತ ಸುದ್ದಿಯಾದದ್ದೇ ತಡ, ಜನ ಮುಗಿಬಿದ್ದರು. 40 ನಾಣ್ಯದ ಒಂದು ರೋಲಿನ ಮುಖಬೆಲೆ 2 ಡಾಲರ್, 1964ರ ಹೊತ್ತಿಗೆ ಅದು ಸಾವಿರ ಡಾಲರ್ ದಾಟಿತು. ಆಮೇಲೆ ಬಿತ್ತು ನೋಡಿ, ಇವತ್ತಿಗೂ ಅಲ್ಲಿಗೆ ಮರಳಿಲ್ಲ. ಯಾಕೆ? ಎಲ್ಲರೂ ಜೋಪಾನವಾಗಿ ತೆಗೆದಿಟ್ಟದ್ದರಿಂದ ಹೊಸ ನಾಣ್ಯ ಎಲ್ಲರ ಹತ್ತಿರವೂ ಉಳಿಯಿತು. 1999ರಿಂದ 2008ರವರೆಗೆ ಒಂದೊಂದು ರಾಜ್ಯದ ಹೆಸರಲ್ಲಿ ಕ್ವಾರ್ಟರ್, ಅಂದರೆ 25 ಸೆಂಟಿನ ನಾಣ್ಯ, ಬಂದಾಗಲೂ ಅಲ್ಲಿನವರು ರೋಲುಗಟ್ಟಲೆ ಕೂಡಿಟ್ಟರು. ಹಾಕಿದ್ದು 3400 ಕೋಟಿಗೂ ಮೀರಿ. ಹೆಚ್ಚಿನವು ಈಗಲೂ ಮುಖಬೆಲೆಯ ಆಸುಪಾಸಿನಲ್ಲೇ ಇವೆ. ಹಳೆಯ ನಾಣ್ಯಕ್ಕೆ ಬೆಲೆ ಬಂದದ್ದು ಆ ಕಾಲದಲ್ಲಿ ಯಾರೂ ಅದನ್ನು ಎತ್ತಿಡದೆ ಖರ್ಚು ಮಾಡಿದ್ದಕ್ಕೆ ಅಲ್ವಾ?

ಸಂಗ್ರಹಕಾರರಿಗೆ ಒಂದು ಮಾತು. ಇಸವಿಯ ಕೆಳಗೆ ಟಂಕಸಾಲೆಯ ಗುರುತು ನೋಡಿ. ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಹೈದರಾಬಾದ್, ಚುಕ್ಕೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ನನ್ನ ರೋಲಿನಲ್ಲಿ ಎಲ್ಲವೂ ಒಂದೇ ಕಡೆಯವು. ನಾಲ್ಕೂ ಬೇಕೆಂದು ನಾಲ್ಕು ರೋಲ್ ಕೊಳ್ಳುವುದು ಹುಚ್ಚುತನ, ಬಿಡಿ ನಾಣ್ಯ ಬದಲಾಯಿಸಿಕೊಂಡರೆ ಸಾಕು. ಅಚ್ಚು ತಪ್ಪಿದ, ಒಳಗಿನ ವೃತ್ತ ಪಕ್ಕಕ್ಕೆ ಸರಿದ ನಾಣ್ಯ ಸಿಕ್ಕಿದರೆ ನಾಲ್ಕು ಕಾಸು ಬರಬಹುದು. ಆದರೆ ಬಿಚ್ಚದೆ ಅದು ಗೊತ್ತಾಗುವುದಿಲ್ಲ, ಬಿಚ್ಚಿದರೆ 'ಸೀಲ್ಡ್' ಅನ್ನುವ ಬೆಲೆ ಹೋಯಿತು. ಸುತ್ತಿದವರು ಮೊದಲೇ ಹೆಕ್ಕಿರುವುದಿಲ್ಲ ಅಂತ ಯಾರು ಹೇಳುತ್ತಾರೆ?

ಇನ್ನೊಂದು ಉಂಟು. ಆರ್ಡರ್ ಮಾಡಿದ ಮೇಲೆ ವಾಟ್ಸ್ಆ್ಯಪ್‌ಗೆ ಬೇರೆ ಯಾವುದೋ ನಂಬರಿನಿಂದ ಸಂದೇಶ ಬರತೊಡಗಿತು: ವೈಷ್ಣೋದೇವಿ ಚಿತ್ರದ ನಾಣ್ಯ ಇದ್ದರೆ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಇಂಥವರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಹಳೆ ನೋಟು, ನಾಣ್ಯದ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕೆ ಶುಲ್ಕ, ಕಮಿಷನ್ ಕೇಳುವುದೂ ಇಲ್ಲ ಅಂತ. ಸುಮ್ನೆ ಬ್ಲಾಕ್ ಮಾಡಿ.

ಪ್ಯಾಕಿಂಗಿಗೆ ನಾಲ್ಕು ಸ್ಟಾರ್, ನಾಣ್ಯಕ್ಕೆ ಮೂರು, ಬೆಲೆಗೆ ಒಂದೂವರೆ. ಬಿಚ್ಚಿದ ರೋಲ್ ವಾಪಸ್ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ, ಆರ್ಡರ್ ಮಾಡುವವರು ಓದಿಕೊಳ್ಳಿ. ವಿಷುವಿಗೆ ಬೇಕಾದವರು ಮಾರ್ಚ್‌ನಲ್ಲೇ ಬ್ಯಾಂಕಿನಲ್ಲಿ ಹೇಳಿಡಿ, ಅಲ್ಲಿ ಸಾವಿರಕ್ಕೆ ಸಾವಿರವೇ.