ಮೂರು ವರ್ಷ ಓಡಿದ ವೇವ್‌ಮೇಕರ್ ಜೋಡಿ: ರ‍್ಯಾಂಡಮ್ ಬಟನ್ ಒಂದೇ ಸಾಲದು

ಹವಳ ಸಾಕುವ ನನ್ನ 300 ಲೀಟರ್ ರೀಫ್ ಟ್ಯಾಂಕಿಗೆ ಈ ಡಿಸಿ ವೇವ್‌ಮೇಕರ್ ಜೋಡಿ, ಅಂದರೆ ಒಳಗಿನ ನೀರನ್ನು ಅಲುಗಾಡಿಸುವ ಎರಡು ಪಂಪ್, ಹಾಕಿ ಮೂರು ವರ್ಷ ದಾಟಿತು. ಒಂದೊಂದು ಪಂಪೂ ಗಂಟೆಗೆ 8000 ಲೀಟರ್ ನೀರು ತಳ್ಳುತ್ತದೆ ಅಂತ ಡಬ್ಬದ ಮೇಲೆ ಬರೆದಿದೆ. ಎರಡಕ್ಕೂ ಸೇರಿ ಒಂದೇ ಕಂಟ್ರೋಲರ್. ಅದರಲ್ಲಿ ರ‍್ಯಾಂಡಮ್, ವೇವ್, ಆಂಟಿ-ಸಿಂಕ್ (ಒಂದು ಪಂಪ್ ಜೋರಾದಾಗ ಇನ್ನೊಂದು ನಿಧಾನ), ಫೀಡ್, ನೈಟ್ ಮೋಡ್‌ಗಳಿವೆ. ನಾನು ತಗೊಂಡಿದ್ದೇ ರ‍್ಯಾಂಡಮ್ ಮೋಡ್ ನೋಡಿ. ಒಂದು ಬಟನ್ ಒತ್ತಿದರೆ ಸಮುದ್ರದ ಹಾಗೆ ನೀರು ಹೇಗೆಂದರೆ ಹಾಗೆ ತಿರುಗುತ್ತದೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಆದರೂ ಈ ಪಂಪ್‌ಗಳನ್ನು ಈಗ ಬೇರೆ ಯಾವುದಕ್ಕೂ ಬದಲಿಸಲು ಮನಸ್ಸಿಲ್ಲ.

ಮೊದಲ ನಾಲ್ಕು ತಿಂಗಳು ಎರಡೂ ಪಂಪ್‌ಗಳನ್ನು ಎಡಗಡೆ ಗಾಜಿಗೇ ಅಂಟಿಸಿದ್ದೆ. ರ‍್ಯಾಂಡಮ್ ಮೋಡ್ ಓಡುತ್ತಿತ್ತು, ವೇಗ ಏರಿಳಿಯುತ್ತಿತ್ತು. ಆದರೆ ನಡುವೆ ಇದ್ದ ಟಾರ್ಚ್ ಕೋರಲ್ ಅನ್ನುವ ಹವಳ ಸದಾ ಬಲಕ್ಕೇ ವಾಲಿರುತ್ತಿತ್ತು. ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ, ದಿಕ್ಕು ಮಾತ್ರ ಅದೇ. ಕೊನೆಗೆ ಪಂಪಿಗೆ ಎದುರಾದ ಬದಿಯಲ್ಲಿ ಅದರ ಮಾಂಸ ಹಿಂದೆ ಸರಿದು, ಬಿಳಿ ಎಲುಬಿನ ಚೂಪು ಅಂಚು ಕಾಣತೊಡಗಿತು. ಅದೇ ಹೊತ್ತಿಗೆ ಕಲ್ಲಿನ ಹಿಂದೆ ಮರಳಿನ ಮೇಲೆ ಕೆಂಪು ಲೋಳೆ, ಅಂದರೆ ಸಯನೋಬ್ಯಾಕ್ಟೀರಿಯಾ, ಚಾಪೆ ಹಾಸಿದ ಹಾಗೆ ಹರಡಿತ್ತು. ಮುಂದೆ ವಿಪರೀತ ಹೊಡೆತ, ಹಿಂದೆ ನೀರಿಗೆ ಅಲುಗಾಟವೇ ಇಲ್ಲ.

ಆಗ ಅರ್ಥವಾಯಿತು. ರ‍್ಯಾಂಡಮ್ ಮೋಡ್ ಬದಲಿಸುವುದು ವೇಗವನ್ನು, ದಿಕ್ಕನ್ನಲ್ಲ. ನಿಜವಾದ ರೀಫಿನಲ್ಲಿ ಅಲೆ ಬಂದಾಗ ನೀರು ಮುಂದೆ ಹೋಗುತ್ತದೆ, ಮರುಕ್ಷಣ ಹಿಂದಕ್ಕೆ ಎಳೆಯುತ್ತದೆ, ಕಲ್ಲಿನ ಸಂದಿಗಳಲ್ಲಿ ಸುಳಿಯುತ್ತದೆ. ಹವಳ ಎದ್ದು ಓಡಾಡುವ ಪ್ರಾಣಿ ಅಲ್ವಲ್ಲ. ಊಟ, ಆಮ್ಲಜನಕ ಎಲ್ಲವೂ ನೀರೇ ತಂದುಕೊಡಬೇಕು, ಕಸವನ್ನೂ ನೀರೇ ಒಯ್ಯಬೇಕು. ಅದರ ಮೈಗೆ ಅಂಟಿಕೊಂಡ ಹಾಗೆ ತೆಳ್ಳನೆಯ ಒಂದು ನೀರಿನ ಪದರ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಹರಿವು ಚೆನ್ನಾಗಿದ್ದರೆ ಆ ಪದರ ಇನ್ನೂ ತೆಳುವಾಗಿ ಕೊಡು-ತಗೊಳ್ಳುವುದು ಸಲೀಸಾಗುತ್ತದೆ. ಒಂದೇ ಕಡೆಯಿಂದ ಹೊಡೆದರೆ ಒಂದು ಮುಖಕ್ಕೆ ಪೆಟ್ಟು, ಇನ್ನೊಂದು ಮುಖಕ್ಕೆ ಉಪವಾಸ.

ಒಂದು ಭಾನುವಾರ ಪೂರ್ತಿ ಕೂತು ಜಾಗ ಬದಲಿಸಿದೆ. ಒಂದು ಪಂಪ್ ಎಡತುದಿಯಲ್ಲಿ ಮೇಲಕ್ಕೆ, ಇನ್ನೊಂದು ಬಲತುದಿಯಲ್ಲಿ ಒಂದು ಗೇಣು ಕೆಳಕ್ಕೆ. ಎರಡನ್ನೂ ಮುಂದಿನ ಗಾಜಿನ ಕಡೆ ಸ್ವಲ್ಪ ತಿರುಗಿಸಿ, ಎರಡು ಹರಿವೂ ನಡುವೆ ಎಲ್ಲೋ ಡಿಕ್ಕಿ ಹೊಡೆಯುವ ಹಾಗೆ ಮಾಡಿದೆ. ಈಗ ರ‍್ಯಾಂಡಮ್ ಮೋಡಿಗೆ ಅರ್ಥ ಬಂತು. ಒಂದರ ವೇಗ ಏರಿ ಇನ್ನೊಂದರದು ಇಳಿದಾಗ ಆ ಡಿಕ್ಕಿಯ ಜಾಗವೇ ಅತ್ತಿತ್ತ ಸರಿಯುತ್ತದೆ. ಲೈಟ್ ಆರಿಸಿ, ಪಕ್ಕದಿಂದ ಟಾರ್ಚ್ ಬೆಳಕು ಬಿಟ್ಟು, ನುಣ್ಣಗೆ ಪುಡಿ ಮಾಡಿದ ಆಹಾರ ಒಂದು ಚಿಟಿಕೆ ಹಾಕಿ ನೋಡಿದೆ. ಕಣಗಳು ಮುಂದೆ ಬಂದು, ತಡೆದು ನಿಂತು, ಗಿರ್ರನೆ ತಿರುಗಿ ಕಲ್ಲಿನ ಹಿಂದೆ ನುಗ್ಗಿದವು. ಅದೇ ಮೊದಲ ಸಲ ಟಾರ್ಚ್ ಕೋರಲ್ ಎಡಕ್ಕೂ ವಾಲಿತು. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಈಗ 30ರಿಂದ 70 ಶೇಕಡಾ ವೇಗದ ನಡುವೆ ಓಡಿಸುತ್ತೇನೆ. ಒಟ್ಟು ಹರಿವು ಗಂಟೆಗೆ ಟ್ಯಾಂಕಿನ ನೀರಿನ 25 ಪಟ್ಟಿನ ಆಸುಪಾಸು. ನನ್ನಂತೆ ಎಲ್ಲ ಬಗೆಯ ಹವಳ ಸೇರಿಸಿ ಸಾಕುವವರಿಗೆ ಇಷ್ಟು ಸಾಕು. ಅಕ್ರೊಪೊರಾ ಹವಳ ಮೇಲೆ, ಹೊಡೆತ ಜೋರಿರುವಲ್ಲಿ. ಮಶ್ರೂಮ್ ಹವಳ ಕೆಳಗಿನ ಮೂಲೆಯಲ್ಲಿ.

ವೇವ್ ಮೋಡ್ ನೋಡಲು ಬಲು ಚಂದ. ನನ್ನ 120 ಸೆಂಟಿಮೀಟರ್ ಉದ್ದದ ಟ್ಯಾಂಕಿನಲ್ಲಿ ಸುಮಾರು 1.3 ಸೆಕೆಂಡಿನ ಲಯಕ್ಕೆ ಹೊಂದಿಸಿದರೆ ನೀರೆಲ್ಲ ತೊಟ್ಟಿಲಿನ ಹಾಗೆ ತೂಗುತ್ತದೆ. ಆದರೆ ಒಂದೇ ವಾರದಲ್ಲಿ ಅಂಚಿನ ಸುತ್ತ ಉಪ್ಪು ಕಟ್ಟಿತು. ಗಾಜಿನ ಜೋಡಣೆಗಳ ಮೇಲೆ ಹಗಲೂರಾತ್ರಿ ಆ ಒತ್ತಡ ಬೀಳುವುದು ನನಗೆ ಇಷ್ಟವಾಗಲಿಲ್ಲ, ನಿಲ್ಲಿಸಿದೆ. ನಿಜವಾದ ಅಲೆಯೇ ಬೇಕು ಅನ್ನುವವರಿಗೆ ಹವಾಯಿಯ ವೈಕಿಕಿ ಅಕ್ವೇರಿಯಂನಲ್ಲಿ ಹಿಂದೆ ಇದ್ದ ಬ್ರೂಸ್ ಕಾರ್ಲ್‌ಸನ್ ಹೆಸರಿನ ಸರ್ಜ್ ಡಿವೈಸ್ ಇದೆ. ಮೇಲಿನ ತೊಟ್ಟಿ ತುಂಬುತ್ತಿದ್ದಂತೆ ಸೈಫನ್ ತಾನಾಗಿ ಶುರುವಾಗಿ ನೀರೆಲ್ಲ ಒಮ್ಮೆಲೇ ಸುರಿಯುತ್ತದೆ. ಅದಕ್ಕೆ ಮೇಲೆ ಜಾಗ ಬೇಕು, ಸದ್ದೂ ಗುಳ್ಳೆಯೂ ಜಾಸ್ತಿ.

ನೈಟ್ ಮೋಡ್ ನಾನು ಬಳಸುವುದಿಲ್ಲ. ಕತ್ತಲಲ್ಲಿ ಆಮ್ಲಜನಕ ತಯಾರಾಗುವುದು ನಿಲ್ಲುತ್ತದೆ, ಉಸಿರಾಡುವುದು ನಿಲ್ಲುವುದಿಲ್ಲ. ನೀರಿನ ಮೇಲ್ಮೈ ಕದಡುತ್ತಿರಬೇಕಾದ ಹೊತ್ತಿಗೇ ಪಂಪನ್ನು 20 ಶೇಕಡಾಕ್ಕೆ ಇಳಿಸುವುದು ಸರಿಯಲ್ಲ ಅನ್ನಿಸುತ್ತದೆ. ಫೀಡ್ ಮೋಡ್ ಮಾತ್ರ ಬಹಳ ಉಪಯೋಗ. ಹತ್ತು ನಿಮಿಷ ನಿಂತು ತಾನೇ ಮತ್ತೆ ಶುರುವಾಗುತ್ತದೆ.

ದೊಡ್ಡ ದೂರು ಕಂಟ್ರೋಲರ್ ಮೇಲೆ. ಕರೆಂಟ್ ಹೋಗಿ ಬಂದರೆ ಅದು ಸೆಟ್ಟಿಂಗ್ ಮರೆತು ಎರಡೂ ಪಂಪ್‌ಗಳನ್ನು ಪೂರ್ತಿ ವೇಗಕ್ಕೆ ಏರಿಸುತ್ತದೆ. ಎರಡನೇ ವರ್ಷ ಒಂದು ಬೆಳಿಗ್ಗೆ ಎದ್ದು ನೋಡಿದರೆ ಬಲಮೂಲೆಯಲ್ಲಿ ತಳದ ಗಾಜು ಬೋಳಾಗಿತ್ತು. ಅಲ್ಲಿದ್ದ ಮರಳೆಲ್ಲ ಹ್ಯಾಮರ್ ಕೋರಲ್ ಮೇಲೆ ಗುಡ್ಡೆಯಾಗಿತ್ತು. ಪಿಪೆಟ್‌ನಿಂದ ಮೆಲ್ಲಗೆ ನೀರು ಊದಿ ಅದರ ಒಂದೊಂದು ತಲೆಯನ್ನೂ, ಅಂದರೆ ಕವಲಿನ ತುದಿಯನ್ನೂ, ಬಿಡಿಸಿದೆ. ಎರಡು ತಲೆ ಉಳಿಯಲಿಲ್ಲ. ಕಂಪನಿಗೆ ಬರೆದೆ, ಉತ್ತರ ಬಂತು, ಪರಿಹಾರ ಬರಲಿಲ್ಲ. ಈಗ ಕಂಟ್ರೋಲರನ್ನು ಯುಪಿಎಸ್‌ಗೆ ಜೋಡಿಸಿದ್ದೇನೆ.

ಮೂರು ತಿಂಗಳಿಗೊಮ್ಮೆ ಪಂಪ್ ಬಿಚ್ಚಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಒಂದು ಗಂಟೆ ನೆನೆಹಾಕಬೇಕು. ಪ್ರೊಪೆಲ್ಲರ್ ಮೇಲಿನ ಗುಲಾಬಿ ಪಾಚಿಯ ಗಟ್ಟಿ ಪದರ ಬುಸಬುಸ ಗುಳ್ಳೆ ಬಿಟ್ಟು ಮೆತ್ತಗಾಗುತ್ತದೆ, ಹಳೆ ಹಲ್ಲುಜ್ಜುವ ಬ್ರಷ್ ಸಾಕು. ಒಮ್ಮೆ ಆರು ತಿಂಗಳು ತಡ ಮಾಡಿದಾಗ ಹರಿವು ಎಷ್ಟು ಇಳಿದಿತ್ತು ಅಂದರೆ ಕೆಂಪು ಲೋಳೆ ಮತ್ತೆ ಕಾಣಿಸಿತು. ಬಲಗಡೆ ಪಂಪಿನ ಬುಶಿಂಗ್ (ತಿರುಗುವ ಕಡ್ಡಿಯನ್ನು ಹಿಡಿಯುವ ಬಳೆ) ಎರಡೂವರೆ ವರ್ಷಕ್ಕೆ ಸವೆದು ಕಟಕಟ ಅನ್ನತೊಡಗಿತು, ಬದಲಿಸಿದೆ. ಎಡಗಡೆಯದು ಈ ವಾರದಿಂದ ಅದೇ ಸದ್ದು ಮಾಡುತ್ತಿದೆ. ಬಿಡಿಭಾಗ ತರಿಸಿ ಇಟ್ಟಿದ್ದೇನೆ.

ಟಾರ್ಚ್ ಕೋರಲ್‌ಗೆ ಮಾಂಸ ಸರಿದಿದ್ದ ಆ ಬದಿಯಲ್ಲೇ ಈಗ ಮೂರು ಹೊಸ ತಲೆ ಬಂದಿವೆ.