ಸೌಂಡ್ ಬಾಡಿಗೆಗೆ ತಗೊಳ್ಳೋರು ಈಕ್ವಲೈಸರ್ ಬಗ್ಗೆ ಮೊದಲೇ ಮಾತಾಡಿಕೊಳ್ಳಿ

ಹಾಸನದಲ್ಲಿ ಮದುವೆಗೋ ಸಂಘದ ಕಾರ್ಯಕ್ರಮಕ್ಕೋ ಸೌಂಡ್ ಹೇಳ್ತಿದ್ದರೆ ದಯವಿಟ್ಟು ಇದನ್ನ ಓದಿ. ಅಣ್ಣನ ಮಗಳ ಆರತಕ್ಷತೆಗೆ ಸುಗಮ ಸಂಗೀತ ಇಟ್ಟುಕೊಂಡಿದ್ವಿ. ಎರಡು ಗಂಟೆ ಹಾಡಿದರು, ಹಿಂದೆ ಕೂತವರಿಗೆ ಒಂದು ಸಾಲೂ ಅರ್ಥವಾಗಲಿಲ್ಲ. ಭಾವಗೀತೆಯಲ್ಲಿ ಸಾಹಿತ್ಯವೇ ಕೇಳಿಸದಿದ್ದರೆ ಇನ್ನೇನು ಉಳೀತು?

ಆಗಿದ್ದು ಇಷ್ಟು. ಗಾಯಕಿ ಬಾಯಿ ತೆರೆದ ಕೂಡಲೇ ಮೈಕ್ ಕುಂಯ್ ಅಂತು. ಆಪರೇಟರ್ ಮಿಕ್ಸರ್‌ನ ಈಕ್ವಲೈಸರ್‌ನಲ್ಲಿ (ಸದ್ದಿನ ಒಂದೊಂದು ಫ್ರೀಕ್ವೆನ್ಸಿಯನ್ನ ಬೇರೆಬೇರೆಯಾಗಿ ಏರಿಸಿ ಇಳಿಸೋ ಭಾಗ) 2.5 ಕಿಲೋಹರ್ಟ್ಸ್‌ಗೆ ಹೋಗಿ 12 ಡೆಸಿಬಲ್ ಇಳಿಸಿಬಿಟ್ಟ. ಕುಂಯ್ ನಿಂತಿತು. ಆದರೆ ಸ್ಕ್ರೀನ್ ಮೇಲೆ ಕ್ಯೂ (ಕಡಿತ ಎಷ್ಟು ಕಿರಿದು ಅಂತ ಹೇಳೋ ಅಂಕಿ) 0.7 ಅಂತಿತ್ತು, ಗೆರೆ ದೊಡ್ಡ ಬೋಗುಣಿ ಥರ ಬಾಗಿತ್ತು. ಅಷ್ಟು ಕಡಿಮೆ ಕ್ಯೂ ಅಂದರೆ ಹೆಚ್ಚುಕಮ್ಮಿ ಎರಡು ಆಕ್ಟೇವ್ (ಫ್ರೀಕ್ವೆನ್ಸಿ ಎರಡು ಪಟ್ಟಾದರೆ ಒಂದು ಆಕ್ಟೇವ್) ಅಗಲ, ಸುಮಾರು 1,250ರಿಂದ 5,000 ಹರ್ಟ್ಸ್‌ವರೆಗೆ. ಕ, ಚ, ಟ, ಷ ಇವೆಲ್ಲ ಸ್ಪಷ್ಟವಾಗಿ ಕೇಳೋದೇ ಆ ಭಾಗದಿಂದ. ಕೂಗ್ತಿದ್ದದ್ದು ಒಂದೇ ಒಂದು ಫ್ರೀಕ್ವೆನ್ಸಿ. ಕ್ಯೂ 10 ಇಟ್ಟಿದ್ದರೆ ಬರೀ 250 ಹರ್ಟ್ಸ್ ಅಗಲದಲ್ಲಿ ಕೆಲಸ ಮುಗೀತಿತ್ತು, ದನಿಗೆ ಏನೂ ಆಗ್ತಿರಲಿಲ್ಲ.

ಹೇಳಿದರೆ "ಬೇಸ್ ಕೊಡ್ತೀನಿ ಸಾರ್, ತುಂಬಿಕೊಳ್ಳುತ್ತೆ" ಅಂದ. 100 ಹರ್ಟ್ಸ್‌ನ ಲೋ ಶೆಲ್ಫ್ 9 ಡೆಸಿಬಲ್ ಮೇಲಕ್ಕೆ! ಶೆಲ್ಫ್ ಅನ್ನೋದು ಒಂದು ಜಾಗದ ಸುತ್ತ ಮಾತ್ರ ಕೆಲಸ ಮಾಡೋ ಬೆಲ್ ಫಿಲ್ಟರ್ ಥರ ಏರಿ ಇಳಿಯಲ್ಲ. ಅಲ್ಲಿಂದ ಕೆಳಗಿರೋದನ್ನೆಲ್ಲ ಎತ್ತಿಹಿಡಿಯುತ್ತೆ, ವೇದಿಕೆ ಹಲಗೆಯ ಧಡಧಡ, ಮೈಕಿಗೆ ಬಡಿಯೋ ಉಸಿರು ಎಲ್ಲ ಸೇರಿ. 9 ಡೆಸಿಬಲ್ ಅಂದರೆ ಅಲ್ಲಿ ಆಂಪ್ಲಿಫೈಯರ್‌ನಿಂದ ಸುಮಾರು ಎಂಟು ಪಟ್ಟು ಪವರ್. ಗಾಯಕಿಯ ಮೈಕಿಗೆ ಹೈಪಾಸ್ (ತೀರಾ ಕೆಳಗಿನ ಸದ್ದನ್ನ ತಡೆಯೋ ಬಟನ್) ಕೂಡ ಒತ್ತಿರಲಿಲ್ಲ. ಮಿತಿ ಮೀರಿತು ಅಂತ ತೋರಿಸೋ ಕ್ಲಿಪ್ ದೀಪ ಕೆಂಪಗೆ ಉರೀತಾನೇ ಇತ್ತು. ತಬಲಾದ ಬಾಯಾಂ (ಎಡಗೈಯ ದಪ್ಪ ದನಿಯ ವಾದ್ಯ) ಟೈಲ್ಸ್ ಹಾಕಿದ ಮಂಟಪದಲ್ಲಿ ಗುಂಯ್ಗುಡ್ತು, ಕೊನೆಗೆ ಒಂದು ವೂಫರ್ (ಬೇಸ್ ಸ್ಪೀಕರ್) ಹರೀತು. ಅದರ ದುಡ್ಡನ್ನ ನಮ್ಮ ಮುಂಗಡದಲ್ಲೇ ಮುರಿದುಕೊಂಡರು. ಇದು ನನಗೆ ಇವತ್ತಿಗೂ ಅನ್ಯಾಯ ಅನಿಸುತ್ತೆ.

31 ಬ್ಯಾಂಡ್ ಗ್ರಾಫಿಕ್ ಈಕ್ವಲೈಸರ್ (ಒಂದೊಂದು ಫ್ರೀಕ್ವೆನ್ಸಿ ಭಾಗಕ್ಕೆ ಒಂದೊಂದು ಜಾರುಗುಬ್ಬಿ, ಅಂದರೆ ಫೇಡರ್, ಇರೋದು) ಇದ್ದರೂ ನಿಶ್ಚಿಂತೆಯಿಂದ ಇರಬೇಡಿ. ಅಕ್ಕಪಕ್ಕದ ಐದಾರು ಫೇಡರ್ ಒಟ್ಟಿಗೆ ಎಳೆದರೆ ಅಲ್ಲೂ ಅದೇ ಗುಂಡಿ.

ಬುಕ್ ಮಾಡುವಾಗಲೇ ಕೇಳಿ: ಜನ ಬರೋ ಮುಂಚೆ ಮೈಕ್ ಹಾಕಿ, ಎಲ್ಲಿ ಕೂಗುತ್ತೆ ನೋಡಿ ಅದನ್ನಷ್ಟೇ ಕಿರಿದಾಗಿ ತೆಗೀತೀರಾ ಅಂತ. ಹಾಡೋರಿಗೆ ಕೇಳಿಸೋಕೆ ವೇದಿಕೆ ಮೇಲೆ ಇಡೋ ಮಾನಿಟರ್ ಬಾಕ್ಸ್ ಮೈಕಿನ ಹಿಂಬದಿಗೆ ಬರೋ ಹಾಗೆ ಇಡಿಸಿ, ಅರ್ಧ ಕೂಗು ಅಲ್ಲೇ ಹೋಗುತ್ತೆ. ಆಪರೇಟರ್ ಓಡಿಸುವಾಗ ಸ್ಪೀಕರ್ ಹಾಳಾದರೆ ಖರ್ಚು ಅವರದೇ ಅಂತ ರಸೀದಿ ಮೇಲೆ ಬರೆಸಿಕೊಂಡೇ ಮುಂಗಡ ಕೊಡಿ.