ಡಾಕ್ ಜಂಪಿಂಗ್ ಕಲಿಸಲು ನಾಯಿಯ ಲೈಫ್ ಜಾಕೆಟ್: ಕೊಂಡರೆ ಎಂಥದ್ದು ಕೊಳ್ಳಬೇಕು?

ಓಡಿ ಬಂದು ನೀರಿಗೆ ಹಾರುವ ಆಟಕ್ಕೆ ನಾಯಿಯನ್ನು ಸಜ್ಜು ಮಾಡುವವರು ಮೊದಲು ಕೊಳ್ಳಬೇಕಾದದ್ದು ಬೆನ್ನ ಮೇಲೆ ಹಿಡಿಕೆ, ಹೊಟ್ಟೆಯಡಿ ಎರಡು ಬಕಲ್ ಪಟ್ಟಿ ಇರುವ ಫೋಮ್ ಜಾಕೆಟ್. ಎದೆಯ ಸುತ್ತಳತೆ ನೋಡಿಯೇ ಸೈಜ್ ಆರಿಸಿ. ತೂಕ ನೋಡಿ ಕೊಂಡರೆ ಮುಧೋಳದಂಥ ಆಳದ ಎದೆ, ಸಣ್ಣ ಸೊಂಟದ ನಾಯಿಗೆ ಅದು ಹಿಂದಕ್ಕೆ ಜಾರುತ್ತದೆ. ಪಟ್ಟಿಯಡಿ ಎರಡು ಬೆರಳು ಹೋಗಬೇಕು. ಕಂಕುಳಲ್ಲಿ ಬಿಗಿಯಾದರೆ ಉಜ್ಜಿ ಗಾಯವಾಗುತ್ತದೆ.

ಕೊಟ್ಟ ದುಡ್ಡಿಗೆ ಬೆಲೆ ಬರುವುದು ಹಿಡಿಕೆಯಿಂದ, ಅದನ್ನು ಹಿಡಿದು ನಾಯಿಯನ್ನು ನೀರಿನಿಂದ ಎತ್ತಬಹುದು. ಕೊಪ್ಪಳ ಕಡೆಯ ಕೃಷಿ ಹೊಂಡಗಳಿಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಉಗುರು ನಿಲ್ಲುವುದಿಲ್ಲ. ಈಜು ಬಲ್ಲ ನಾಯಿಯೂ ದಡ ಹತ್ತಲಾಗದೆ ಸೋತು ಮುಳುಗಬಹುದು. ಜಾಕೆಟ್ ಇದ್ದರೂ ರಬ್ಬರ್ ಮ್ಯಾಟ್ ಹೊದಿಸಿದ ಇಳಿಜಾರು ಹಲಗೆಯನ್ನು ನೀರಿನೊಳಗಿನವರೆಗೆ ಇಳಿಸಿ, ಅಲ್ಲಾಡದಂತೆ ಕಟ್ಟಿ. ತುಂಗಭದ್ರಾ ಎಡದಂಡೆ ಕಾಲುವೆಯ ಸೆಳವಿಗೆ ನಾಯಿ ಬಿಡಲೇಬೇಡಿ. ತುಂಗಭದ್ರಾ ನದಿಯಲ್ಲಿ ಮೊಸಳೆಗಳಿವೆ. ಹಸಿರು ಪಾಚಿ ಕಟ್ಟಿದ ನೀರೂ ಬೇಡ, ಕೆಲವು ಪಾಚಿ ವಿಷ.

ಮೊದಲು ಹಲಗೆಯಿಂದ ನಡೆದು ಇಳಿದು, ತೇಲುವ ಆಟಿಕೆ ತಂದು, ಅದೇ ಹಲಗೆಯಿಂದ ಹತ್ತುವುದನ್ನು ಕಲಿಸಿ. ಆಮೇಲೆ ನಿಂತಲ್ಲಿಂದ ಜಿಗಿತ, ಕೊನೆಗೆ ಓಟ. ತಳ್ಳಿದರೆ ನಾಯಿ ಮತ್ತೆ ಅಂಚಿಗೇ ಬರುವುದಿಲ್ಲ. ಸ್ಪರ್ಧೆಯ ವೇದಿಕೆ ಸಾಮಾನ್ಯವಾಗಿ 40 ಅಡಿ ಉದ್ದ, 8 ಅಡಿ ಅಗಲ, ನೀರಿನಿಂದ 2 ಅಡಿ ಎತ್ತರ. ಜಿಗಿತದ ದೂರ ಅಳೆಯುವುದು ವೇದಿಕೆಯ ಅಂಚಿನಿಂದ ಬಾಲದ ಬುಡ ನೀರು ಮುಟ್ಟಿದ ಜಾಗಕ್ಕೆ. ಆಳ 4 ಅಡಿಗೆ ಕಡಿಮೆ ಇದ್ದರೆ ಹಾರಿಸಬೇಡಿ.

ಜಾಕೆಟ್ ಭುಜದ ಚಲನೆಗೆ ಸ್ವಲ್ಪ ಅಡ್ಡಿ, ಜಿಗಿತ ಕುಗ್ಗುತ್ತದೆ. ಹಿಂಗಾಲು ಮುಳುಗದೆ ಮಟ್ಟಸವಾಗಿ ಈಜುವವರೆಗೆ ಮಾತ್ರ ಅದನ್ನು ಸಹಿಸಿಕೊಳ್ಳಿ.